ಹುಳಿ ಅಳೆಯುವ ಕಡ್ಡಿ ಹೇಳಿದ ಸಾಕ್ಷಿ

ನಾನು ನೀರಿನ ಹುಳಿ ಅಳೆಯುವ ಒಂದು ಗಾಜಿನ ಕಡ್ಡಿ. ಪಿಎಚ್ ಸೆನ್ಸರ್ ಎಂಬುದು ಕಾಗದದ ಮೇಲಿನ ಹೆಸರು. ಹುಟ್ಟಿದ್ದು ಗಾಜು ಊದುವವನ ಬೆಂಕಿಯ ಮುಂದೆ. ತುದಿಯಲ್ಲಿ ಕಡಲೆಕಾಳಿನ ಗಾತ್ರದ ತೆಳು ಗುಳ್ಳೆ. ಅದು ಒಣಗಿದರೆ ನಾನು ಕೆಟ್ಟೆನೆಂದು ಉಪ್ಪುನೀರು ತುಂಬಿದ ಟೊಪ್ಪಿಗೆ ತೊಡಿಸಿ ಕಳಿಸಿದರು. ಹುಟ್ಟಿದಾಗಿನಿಂದ ಹುಳಿಯ ಸಹವಾಸ. ಯಾರನ್ನೂ ನಂಬುವ ಜಾಯಮಾನ ನನ್ನದಲ್ಲ.

ಸೇರಿದ್ದು ಹುಬ್ಬಳ್ಳಿಯಲ್ಲಿ ಬೋಲ್ಟುಗಳಿಗೆ ಸತುವಿನ ಲೇಪ ಕೊಡುವ ಒಂದು ಕಾರ್ಖಾನೆಗೆ. ಆ್ಯಸಿಡ್ಡಿನಲ್ಲಿ ಬೋಲ್ಟು ತೊಳೆದ ನೀರೆಲ್ಲ ಒಂದು ತೊಟ್ಟಿಗೆ ಬರುತ್ತಿತ್ತು. ಅದರಲ್ಲಿ ಮುಳುಗಿ ನಿಲ್ಲುವುದು ನನ್ನ ಕೆಲಸ. ಏಳಕ್ಕಿಂತ ಕಡಿಮೆ ಅಂಕಿ ಹೇಳಿದರೆ ನೀರು ಹುಳಿ ಎಂದರ್ಥ. ಪಂಪು ತಾನಾಗಿ ಸುಣ್ಣದ ನೀರು ಸುರಿಯುತ್ತಿತ್ತು. ಏಳು ಅಂದೊಡನೆ ನಿಲ್ಲುತ್ತಿತ್ತು. ಸುಣ್ಣ ಕಲಸುವವಳು ಬಸಲಿಂಗವ್ವ. ಅವಳ ಮೇಲೆ ನನಗೆ ಮೊದಲಿಂದಲೂ ಒಂದು ಕಣ್ಣು. ಚೀಲ ಬಿಚ್ಚುವಾಗ ಬಾಯಿಗೆ ಸೆರಗು ಯಾಕೆ? ಧೂಳಿಗಂತೆ! ಇರಲಿ, ನೋಡೋಣ ಅಂದುಕೊಂಡೆ.

ಆಯುಧಪೂಜೆಯ ಖಂಡೇನವಮಿ ಬಂತು. ಮೇಲ್ವಿಚಾರಕ ಹಂಚಿನಮನಿ ಸಾಹೇಬರು ನನ್ನನ್ನು ಎತ್ತಿ, ಗುಳ್ಳೆ ಫಳಫಳ ಹೊಳೆಯುವಂತೆ ಹೊಸ ಬಟ್ಟೆಯಿಂದ ಒರೆಸಿ, ಕುಂಕುಮವಿಟ್ಟು ಸ್ಪ್ಯಾನರುಗಳ ಸಾಲಿನಲ್ಲಿ ಪೂಜೆಗೆ ಕೂರಿಸಿದರು. ಅಬ್ಬಾ, ಆ ಮರ್ಯಾದೆಯೇ! ಮೂರು ದಿನ ರಜೆ. ಹೂವಿನಡಿ ನಾನು ಒಣಗಿಹೋದದ್ದು ಸಾಹೇಬರಿಗಿರಲಿ, ನನಗೇ ತಿಳಿಯಲಿಲ್ಲ.

ಮತ್ತೆ ತೊಟ್ಟಿಗಿಳಿದು ಐದು ಅಂದೆ. ಪಂಪು ಸುಣ್ಣ ಸುರಿಯಿತು. ಆಗಲೂ ಐದು. ಮಧ್ಯಾಹ್ನದೊಳಗೆ ಸುಣ್ಣದ ಡ್ರಮ್ಮು ಖಾಲಿಯಾದರೂ ಐದೇ. ನೋಡಿದಿರಾ, ಬಸಲಿಂಗವ್ವ ಚೀಲ ಮಾರಿಕೊಂಡು ಬರೀ ನೀರು ತುಂಬಿಸಿದ್ದಾಳೆ ಎಂದುಕೊಂಡೆ. ಸಾಹೇಬರಿಗೂ ಅದೇ ಅನುಮಾನ.

“ಸುಣ್ಣದ ಚೀಲ ಎಲ್ಲಿ ಸಾಗಿಸಿದಿ, ಖರೇ ಹೇಳು. ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ.”

“ದೇವ್ರಾಣಿ ಇಲ್ರೀ ಸಾಹೇಬ್ರ. ಎಲ್ಲಾ ಚೀಲ ಇದ್ರಾಗ ಕಲಸೇನ್ರಿ.”

“ಹಂಗಾರ ಮಷೀನು ಸುಳ್ಳು ಹೇಳತೈತೇನು?”

ಹನ್ನೊಂದು ವರ್ಷದ ಕೆಲಸ ಹೋಗುವುದರಲ್ಲಿತ್ತು, ಮೇಲೆ ಕಳ್ಳಿಯೆಂಬ ಹೆಸರು ಬೇರೆ. ಬಸಲಿಂಗವ್ವ ಕಣ್ಣೊರೆಸಿಕೊಂಡು ಸರಸರ ಕ್ಯಾಂಟೀನಿಗೆ ಹೋಗಿ ಒಂದು ಚಿಟಿಕೆ ಅರಿಶಿನ ತಂದಳು. ತೊಟ್ಟಿಯ ನೀರನ್ನು ಲೋಟದಲ್ಲಿ ಮೊಗೆದು ಅದರೊಳಗೆ ಹಾಕಿದಳು. ನೀರು ಕೆಂಪಗಾಯಿತು.

“ಆರತಿ ನೀರು ಹೆಂಗ ಮಾಡ್ತಾರಂತ ನಿಮ್ಮ ಮನ್ಯಾಗ ಕೇಳ್ರಿ! ಸುಣ್ಣ ಇಲ್ದ ಅರಿಷಿಣ ಕೆಂಪ ಆಗತೈತೇನ್ರಿ? ಇಲ್ಲಿ ಸುಣ್ಣ ಹೆಚ್ಚಾಗೈತ್ರಿ, ಹೆಚ್ಚು!”

ಎಲ್ಲರೂ ನನ್ನತ್ತ ತಿರುಗಿದರು. ಸಾಹೇಬರು ನನ್ನನ್ನು ತೊಳೆದು ಕುಡಿಯುವ ನೀರಿಗೆ ಅದ್ದಿದರು. ಏಳರ ಆಸುಪಾಸು ಹೇಳಬೇಕಾದ ಅಲ್ಲೂ ಐದು ಅಂದುಬಿಟ್ಟೆ. ಆಹಾ, ನನ್ನ ಮಾನ ಅಲ್ಲಿಗೆ ಮುಗಿಯಿತು.

ಅಂದೇ ತಂತಿ ಕಿತ್ತರು. ಈಗ ಡ್ರಾಯರಿನಲ್ಲಿ ಸುಟ್ಟ ಫ್ಯೂಸುಗಳ ಜೊತೆ ಬಿದ್ದಿದ್ದೇನೆ. ಬಸಲಿಂಗವ್ವನ ಕೆಲಸ ಉಳಿಯಿತು. ಸಾಹೇಬರು “ಕಡ್ಡಿ ಕೆಟ್ಟಿತ್ತು” ಎಂದು ಸುಮ್ಮನಾದರು. ತಪ್ಪಾಯಿತು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಮೊದಲು ಹೇಳಬೇಕಾದವನು ನಾನು. ಆದರೆ ನನಗೆ ಬರುತ್ತಿದ್ದುದು ಅಂಕಿ ಹೇಳುವುದೊಂದೇ. ಅದನ್ನೂ ಈಗ ಯಾರೂ ಕೇಳುವುದಿಲ್ಲ.