ಗುಳಿಗೆಯ ಜೊತೆ ಗುಗ್ಗುಳ

೧೯೯೭ರ ದೀಪಾವಳಿ ಹತ್ತಿರವಿತ್ತು. ಕಾಗವಾಡದ ಕಡೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಹಂಗಾಮು. ತೋಟದವರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಅಂಥ ಹೊತ್ತಿನಲ್ಲಿ ಮುರಗೆಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ತೊಡೆ, ಮೀನಖಂಡವೆಲ್ಲ ನೋವು. ಏಳಬೇಕೆಂದರೆ ಗೋಡೆ ಹಿಡಿಯಬೇಕು. ಹೆಂಡತಿ ರುಕ್ಮವ್ವ ಹಗಲೆಲ್ಲ ತೋಟ ನೋಡಿ, ಸಂಜೆ ಅವನ ಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಬಸವಳಿದಿದ್ದಳು.

"ಇನ್ನೆರಡು ಗುಗ್ಗುಳದ ಉಂಡಿ ಕೊಡು. ಕಾಲನೋವಿಗೆ ಚಲೋ ಅಂತ ಅಕ್ಕ ಹೇಳ್ಯಾಳ," ಎಂದ ಮುರಗೆಪ್ಪ.

ಅಕ್ಕ ಎಂದರೆ ಸತ್ತಿ ಊರಿನ ಕಸ್ತೂರೆವ್ವ. ಬೇಸಿಗೆಯಲ್ಲಿ ಮುರಗೆಪ್ಪನಿಗೆ ಎದೆನೋವು ಬಂದಾಗ, ರಕ್ತದಲ್ಲಿ ಕೊಬ್ಬು ಹೆಚ್ಚಿದೆಯೆಂದು ಅಥಣಿಯ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದಿದ್ದರು. ಸುದ್ದಿ ಕೇಳಿದ ಅಕ್ಕ, ಕೊಬ್ಬು ಬೇಗ ಕರಗಲೆಂದು ಗುಗ್ಗುಳ ಗಿಡದ ಅಂಟಿನಿಂದ ಕಟ್ಟಿದ ಉಂಡೆ ಕಳಿಸಿದಳು. ಎರಡನ್ನೂ ನುಂಗತೊಡಗಿದ ಮೇಲೆ ಕಾಲುನೋವು ಶುರುವಾಯಿತು. ನೋವಿಗೆಂದು ಮತ್ತಷ್ಟು ಉಂಡೆ ತಿಂದ, ನೋವು ಇನ್ನೂ ಏರಿತು. ಇಷ್ಟು ಸರಳ ಸಂಗತಿ ನಮ್ಮ ಜಾಣ ಮುರಗೆಪ್ಪನಿಗೆ ಹೊಳೆಯಲಿಲ್ಲ.

ಅವತ್ತು ಓಣಿಯ ನರ್ಸಬಾಯಿ ಚನ್ನವ್ವ ಬಂದು ಕೇಳಿದರು, "ಮೂತ್ರ ಯಾವ ಬಣ್ಣ ಐತ್ರಿ?"

"ಹಾಲಿಲ್ಲದ ಚಹಾದಂಗ."

"ಉಂಡಿ ಸುದ್ದಿ ಡಾಕ್ಟರಿಗೆ ಹೇಳೀರಿ?"

"ಹ್ವಾದ ಸಲ, ಬ್ಯಾರೆ ಔಷಧ ತಗೋತಿ ಏನು ಅಂತ ಕೇಳಿದ್ರು. ನಾ ಇಲ್ಲ ಅಂದ್ಯಾ. ಗಿಡದ್ದು ಔಷಧ ಹೆಂಗಾದೀತ್ರಿ? ಅದು ಯಾರಿಗೆ ಏನ್ ಮಾಡೇತಿ?"

ರುಕ್ಮವ್ವ ಎಣ್ಣೆ ಬಟ್ಟಲು ಕೆಳಗಿಟ್ಟಳು. ಸಿಟ್ಟು ಮಾಡುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. "ಬಳ್ಳಿಗೆ ಹೊಡಿಯೂ ಎರಡು ಔಷಧ ಒಂದ ಡ್ರಮ್ಮಿನ್ಯಾಗ ಕೂಡಸೂ ಮುಂದ, ಎಲಿ ಸುಟ್ಟೀತು ಅಂತ ಊರೆಲ್ಲಾ ಕೇಳ್ಕೊಂಡ ಬರ್ತೀರಿ. ನಿಮ್ಮ ಹೊಟ್ಟ್ಯಾಗ ಕೂಡಸೂ ಮುಂದ ಯಾರನ್ನ ಕೇಳಿದ್ರಿ?"

ಮೂತ್ರ ಕಪ್ಪಾದರೆ ತಡ ಮಾಡಬಾರದೆಂದು ಚನ್ನವ್ವ ಅವಸರಪಡಿಸಿದರು. ಸಿಕ್ಕ ಜೀಪಿನಲ್ಲಿ ಅವನನ್ನು ಅಥಣಿಗೆ ಒಯ್ದರು.

"ಈ ಗುಳಿಗಿ ಕೆಲವ್ರಿಗೆ ಸ್ನಾಯು ಕೆಡಸತೈತಿ. ಮ್ಯಾಲ ಗುಗ್ಗುಳ ಕೂಡಿದ್ರ ಅಪಾಯ ಹೆಚ್ಚು," ಎಂದರು ಡಾಕ್ಟರು. "ನಿಮ್ಮ ಸ್ನಾಯು ಕೆಟ್ಟು ಕಿಡ್ನಿಗೆ ತ್ರಾಸ ಆಗೈತಿ. ಇನ್ನ ತಡಾ ಮಾಡಿದ್ರ ಜೀವಕ್ಕ ಬರ್ತಿತ್ತು." ಎರಡನ್ನೂ ನಿಲ್ಲಿಸಿ ಸಲೈನ್ ಹಚ್ಚಿದರು.

"ಹಂಗಾರ ಗುಳಿಗಿನೂ ಕಾಯಂ ಬಿಟ್ಟಬಿಡ್ತೀನ್ರಿ."

"ನೀವ ಬಿಡೂದು, ನೀವ ಹಿಡಿಯೂದು ಮಾಡಬ್ಯಾಡ್ರಿ. ಎದಿಗೆ ಔಷಧ ಬೇಕಾಗತೈತಿ. ಯಾವುದು, ಯಾವಾಗ ಅಂತ ನಾ ಹೇಳ್ತೀನಿ."

ಮರುದಿನ ಕಸ್ತೂರೆವ್ವ ಬಂದು ತಮ್ಮನ ಕಾಲು ಸವರುತ್ತ ಕೂತಳು. "ಪ್ರೀತೀಲೆ ಕಳಿಸಿದ್ನೋ ತಮ್ಮಾ."

"ಗೊತ್ತೈತಕ್ಕಾ. ಅದಕ್ಕ ನಾನೂ ಯಾರನ್ನೂ ಕೇಳದ ತಿಂದ್ಯಾ."

ಮುರಗೆಪ್ಪ ಉಳಿದ. ಆದರೆ ಆ ವರ್ಷ ಬಳ್ಳಿ ಕತ್ತರಿಸಿದವರು ಬೇರೆಯವರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮವರು ಪ್ರೀತಿಯಿಂದ ಉಂಡೆ, ಕಷಾಯ, ಚೂರ್ಣ ಕೊಡುತ್ತಲೇ ಇರುತ್ತಾರೆ. ಅವರೊಡನೆ ಜಗಳ ಬೇಡ. ಬಾಯಿಗೆ ಹಾಕುವ ಮೊದಲು ಡಾಕ್ಟರಿಗೆ ತೋರಿಸಿ. ಕೊಬ್ಬಿನ ಗುಳಿಗೆ ನುಂಗುವವರಿಗೆ ಮೈಕೈ ವಿಪರೀತ ನೋಯತೊಡಗಿದರೆ, ಮೂತ್ರ ಕಪ್ಪಾದರೆ, ಅದೇ ದಿನ ದವಾಖಾನೆಗೆ ಹೋಗಿ. ಬೇರೇನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರೆ ಮುಚ್ಚಿಡಬೇಡಿ. ಕೇಳದಿದ್ದರೆ ನೀವೇ ಹೇಳಿ.