ಬೀನ್ಸ್ ಎಲೆಯ ಪೇದೆಗಳು

"ತಲೆ ಸರಿಯಾಗಿ ಹಿಡಿಯೋ, ವಾಲ್ತಾ ಐತಿ," ಎಂದ ಅಪ್ಪ.

ಶಿವರಂಜನ್ ಎರಡೂ ಅಂಗೈಗಳಲ್ಲಿ ಅಜ್ಜನ ತಲೆಯನ್ನು ಹಿಡಿದು ಗೋಡೆಗೆ ಒತ್ತಿದ. ಅಪ್ಪ ಶಿವರಾಜ್ ಬಿಳಿ ಬಟ್ಟೆಯ ಪಟ್ಟಿಯನ್ನು ಅಜ್ಜನ ಎದೆಯ ಸುತ್ತ ತಂದು ಕಿಟಕಿಯ ಸರಳಿಗೆ ಗಂಟು ಹಾಕಿದ. ಈ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಅಜ್ಜ ಚನ್ನವೀರಪ್ಪನವರು ರುಮಾಲು ಸುತ್ತಿಕೊಂಡು, ಹಣೆ, ಎದೆ ತುಂಬ ವಿಭೂತಿ ಬಳಿದುಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು, ಯಾರದೋ ಮಾತಿಗೆ ಉತ್ತರ ಕೊಡಲು ಯೋಚಿಸುತ್ತಿರುವವರಂತೆ ಕುಳಿತಿದ್ದರು.

ಶಿವರಂಜನ್ ಅವರ ತುಟಿಯನ್ನೇ ನೋಡುತ್ತಿದ್ದ. ನೀಲಿಯಾಗಿದೆಯೇ? ಅಂಚಿನಲ್ಲಿ ನೊರೆ ಒಣಗಿದೆಯೇ? ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲರ ತುಟಿಯೂ ನೀಲಿಯಾಗಿಯೇ ಕಾಣುತ್ತಿತ್ತು.

ಪಕ್ಕದ ಬೀದಿಯ ಡಾಕ್ಟರು ಬೆಳಿಗ್ಗೆ ಬಂದು "ಹಾರ್ಟು, ವಯಸ್ಸಾಗಿತ್ತು" ಎಂದು ಬರೆದುಕೊಟ್ಟು ಹೋಗಿದ್ದರು. ಎಲ್ಲರೂ ನಂಬಿದ್ದರು, ಶಿವರಂಜನ್ ಒಬ್ಬನನ್ನು ಬಿಟ್ಟು.

ಮೂಲೆಯ ಹೋಟೆಲಿನ ರಘುರಾಮ ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟ. "ನಮ್ಮ ಹೋಟೆಲಿಗೂ ಇವರದ್ದೇ ಗಿಡ ಅಲ್ವಾ," ಎಂದು ಕುಳಿತವರಿಗೆ ಹೇಳಿದ. "ಬಾಡಿಗೆಗೆ ಗಿಡ ಕೊಡುದು ಅಂತ ಒಂದು ವ್ಯಾಪಾರ ಉಂಟು ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ. ಕುಂಡ ಇಟ್ಟ ಮೇಲೆ ಎ.ಸಿ. ಕೆಳಗೆ ಅರ್ಧ ಗಂಟೆ ಕೂತ್ಕೊಳ್ಳುದು. ಎಂತಕ್ಕೆ ಅಂದ್ರೆ, ಗಿಡಕ್ಕೆ ಹೊಸ ಜಾಗ, ಹೆದರ್ತದೆ ಅಂತೆ!"

ಎಣ್ಣೂರಿನಿಂದ ಬಂದಿದ್ದ ಶ್ರೀವಿದ್ಯಾ ಅತ್ತೆ ಅಳುತ್ತಲೇ ನಕ್ಕಳು. "ಅಪ್ಪಗ ಮನಿಯಾಗ ಎ.ಸಿ. ಹಾಕ್ಸು ಅಂದ್ರ ಬ್ಯಾಡ ಅಂತಿದ್ರು. ಊರಿನ ಎ.ಸಿ. ಎಲ್ಲಾ ನಂದೇ ಅಲ್ಲೇನು ಅನ್ನೋರು."

"ಎಂತ ಶಿವು," ರಘುರಾಮ ಈ ಕಡೆ ತಿರುಗಿದ, "ಇವತ್ತು ಒಂದು ಡೈಲಾಗೂ ಇಲ್ಲ?"

ಡೈಲಾಗ್ ಇಲ್ಲದ ಶಿವರಂಜನನನ್ನು ನುಂಗಂಬಾಕ್ಕಂನ ಆ ಬೀದಿ ಕಂಡೇ ಇರಲಿಲ್ಲ. ಅಜ್ಜ ಮೆಟ್ಟಿಲಿಳಿದರೆ ಸಾಕು, ಬಾಯಲ್ಲೇ ಡ್ರಮ್ಮು ಬಾರಿಸಿ, "ಈ ಏರಿಯಾದಲ್ಲಿ ಎಲೆ ಅಲ್ಲಾಡಬೇಕಾದ್ರೂ ಚನ್ನವೀರಪ್ಪನ ಪರ್ಮಿಷನ್ ಬೇಕು!" ಎಂದು ಕೂಗುತ್ತಿದ್ದವನು. ಇವತ್ತು ಬಾಯಿ ತೆರೆದರೆ ಒಂದೇ ಮಾತು ಹೊರಬರುತ್ತದೆಂದು ಅವನಿಗೆ ಗೊತ್ತಿತ್ತು: ನೀರಿನ ಡಬ್ಬಿಗೆ ವಿಷ ಹಾಕಿದ್ದು ನಾನು.

*

"ಇಲ್ಲಿ ನೋಡಲೇ," ಎಂದು ಅಜ್ಜ ಬೀನ್ಸ್ ಎಲೆಯನ್ನು ಮಗುಚಿ, ಭೂತಗನ್ನಡಿಯನ್ನು ಮೊಮ್ಮಗನ ಕಣ್ಣಿಗೆ ಹಿಡಿದಿದ್ದರು. "ಬಲೆ ಕಟ್ಕೊಂಡು ಕುಂತಾವಲ್ಲ, ಅವು ಕೆಂಪು ನುಸಿ. ಕಳ್ಳರು. ಗಿಡದ ರಸ ಹೀರೋವು. ಅವುಗಳ ನಡುವ ಕೇಸರಿ ಬಣ್ಣದ್ದು ಓಡಾಡ್ತೈತಿ ನೋಡು, ಅದೂ ನುಸೀನೇ. ಆದ್ರ ಪೇದೆ. ಕಳ್ಳರನ್ನ, ಅವರ ತತ್ತೀನ, ಎಲ್ಲಾ ತಿಂದು ಹಾಕ್ತೈತಿ."

"ಎರಡೂ ಧೂಳಿನ ತರಾನೇ ಇದೆ ಅಜ್ಜ."

"ಓಡೋದು ಪೇದೆ. ಕುಂತು ತಿನ್ನೋದು ಕಳ್ಳ."

"ನಮ್ಮ ಸ್ಟೇಷನ್‌ನಲ್ಲಿ ಉಲ್ಟಾ ಅಲ್ವಾ?"

ಅಜ್ಜ ಅವನ ತಲೆಗೆ ಮೊಟಕಿದ್ದರು. ಆಫೀಸುಗಳ ಒಣ ಗಾಳಿಯಲ್ಲಿ ಗಿಡಗಳಿಗೆ ಕೆಂಪು ನುಸಿ ಹತ್ತುತ್ತಿತ್ತು. ಅಂಥ ಕುಂಡಗಳನ್ನು ಮಹಡಿಗೆ ತಂದು, ಪೇದೆಗಳಿದ್ದ ಬೀನ್ಸ್ ಎಲೆಯೊಂದನ್ನು ಕತ್ತರಿಸಿ ಕೊಂಬೆಗೆ ಸಿಕ್ಕಿಸಿದರೆ ಚಿಕಿತ್ಸೆ ಮುಗಿಯಿತು. ಉಳಿದದ್ದು ಕಾಯುವ ಕೆಲಸ. ಪೇದೆಗಳು ಹಸಿವಿನಿಂದ ಸಾಯಬಾರದೆಂದು ಬೀನ್ಸ್ ಕುಂಡಗಳಲ್ಲಿ ಕಳ್ಳರನ್ನೂ ಅವರೇ ಸಾಕುತ್ತಿದ್ದರು. ಪೇದೆಗಳಿಗೆ ತೇವ ಬೇಕು. ಅದಕ್ಕೇ ದಿನಾ ಬೆಳಕು ಹರಿಯುವ ಮುಂಚೆ ಹಸಿರು ಪಂಪ್ ಡಬ್ಬಿಯಲ್ಲಿ ಬರೀ ನೀರು ತುಂಬಿಕೊಂಡು ಮೊದಲು ಬೀನ್ಸ್ ಎಲೆಗಳಿಗೆ ಹೊಡೆಯುತ್ತಿದ್ದರು. ಕೊನೆಗೆ ಡಬ್ಬಿಯನ್ನು ತಿರುಗಿಸಿ, ಕಣ್ಣು ಮುಚ್ಚಿ, ತಮ್ಮ ಮುಖಕ್ಕೆ.

"ಮೊದ್ಲು ಡ್ಯೂಟಿ ಮೇಲಿರೋರಿಗೆ. ಆಮ್ಯಾಲ ಇನ್ಸ್‌ಪೆಕ್ಟರಿಗೆ."

"ಔಷಧಿ ಹೊಡೆದ್ರೆ ಒಂದೇ ದಿನದಲ್ಲಿ ಕೇಸ್ ಕ್ಲೋಸ್ ಅಲ್ವಾ ಅಜ್ಜ?"

"ಹೊಡಿ. ಮೊದ್ಲು ಸಾಯೋದು ಪೇದೆ."

*

ಶೋಳಿಂಗನಲ್ಲೂರ್ ಆಫೀಸಿನ ಕೌಶಿಕ್ ನಿನ್ನೆ ಫೋನ್ ಮಾಡಿ ಬೈದಿದ್ದ. ರಿಸೆಪ್ಶನ್ನಿನ ಗಿಡಗಳಲ್ಲಿ ಜೇಡರ ಬಲೆಯಂಥದ್ದು ತೂಗುತ್ತಿದೆ, ಒಳ್ಳೆಯ ಗಿಡ ಬರದಿದ್ದರೆ ಎಲ್ಲ ಕುಂಡಗಳನ್ನೂ ಎತ್ತಿಕೊಂಡು ಹೋಗಿ ಎಂದಿದ್ದ. ಮಹಡಿಯಲ್ಲಿ ಚಿಕಿತ್ಸೆಗೆ ಕುಳಿತ ಗಿಡಗಳನ್ನು ಬಿಟ್ಟರೆ ಬದಲಿಗೆ ಕೊಡಲು ಬೇರೆ ಇರಲಿಲ್ಲ. ಅಜ್ಜ ಫೋನಿನಲ್ಲಿ, "ಸ್ವಲ್ಪ ತಾಳ್ರಿ, ನಮ್ಮೋರು ಕೆಲಸ ಮಾಡಾಕತ್ಯಾರ" ಎಂದಿದ್ದರು. ಶಿವರಂಜನ್ ತಾಳಲಿಲ್ಲ. ಸಂಜೆ ಅಂಗಡಿಯಿಂದ ಸಣ್ಣ ಬಾಟಲಿ ತಂದ. ಲೇಬಲ್ಲಿನ ಮೇಲೆ ಹಳದಿ ತ್ರಿಕೋನ, ಅದರ ಮೇಲ್ಗಡೆ ವಿಷ ಎಂಬ ಮಾತು. ಹಸಿರು ಡಬ್ಬಿಗೆ ನೀರು ತುಂಬಿಸಿ, ಎರಡು ಮುಚ್ಚಳ ಸುರಿದು, ಮಹಡಿಯ ನಲ್ಲಿಯ ಪಕ್ಕದಲ್ಲಿಟ್ಟ. ಅಜ್ಜ ಏಳುವ ಮುಂಚೆ ಎದ್ದು, ಚಿಕಿತ್ಸೆಯ ಗಿಡಗಳಿಗಷ್ಟೇ ಹೊಡೆದು, ಡಬ್ಬಿ ತೊಳೆದಿಟ್ಟರೆ ಸಿನಿಮಾ ಮುಗಿಯಿತು, ಶುಭಂ.

ಅಲಾರಂ ಹೊಡೆಯಿತು. ಅವನು ಅದನ್ನು ಆರಿಸಿ ಮಗ್ಗುಲಾದ. ಮತ್ತೆ ಎಚ್ಚರವಾದದ್ದು ಮಹಡಿಯ ಮೇಲಿಂದ ಅಮ್ಮ ಕಿರುಚಿದಾಗ. ಕಾಫಿ ಕೊಡಲು ಹೋದ ಅವಳಿಗೆ ಬೀನ್ಸ್ ಕುಂಡಗಳ ಎದುರಿನ ಸ್ಟೂಲಿನ ಮೇಲೆ ಮಾವ ಗೋಡೆಗೆ ಒರಗಿ ಕುಳಿತದ್ದು ಕಂಡಿತ್ತು.

*

"ವ್ಯಾನ್ ಬಂತು," ಎಂದ ಶಿವರಾಜ್. "ಶಿವು, ಮ್ಯಾಲೆ ಬಿಲ್ವದ ಗಿಡ ಐತಲ್ಲ, ಪತ್ರಿ ಕಿತ್ಕೊಂಡು ಬಾ. ಲಗೂನ."

ಬೆಳಗಿನಿಂದ ಅವನು ಮಹಡಿಗೆ ಹೋಗಿರಲಿಲ್ಲ. ಐಸ್ ತರಲು ಓಡಿದ, ಕುರ್ಚಿ ತರಲು ಓಡಿದ, ಯಾರೂ ಕೇಳದಿದ್ದ ಊದುಬತ್ತಿಗೂ ಓಡಿದ. ಈಗ ಒಂದೊಂದೇ ಮೆಟ್ಟಿಲು ಹತ್ತಿದ. ಮಣ್ಣು ಮುಚ್ಚುವ ಮೊದಲು ಗೊತ್ತಾಗಲೇಬೇಕು. ಅಜ್ಜ ಹೊಡೆದುಕೊಂಡಿದ್ದರೆ, ಕೆಳಗೆ ಹೋಗಿ ವ್ಯಾನ್ ನಿಲ್ಲಿಸಿ ಹೇಳಬೇಕು. ಹೇಳಿದ ಮೇಲೆ ಅಪ್ಪ ಅವನನ್ನು ಯಾವ ಹೆಸರಿನಿಂದ ಕರೆಯುತ್ತಾನೋ.

ಬಿಸಿಲಿಗೆ ನೆಲ ಕಾದಿತ್ತು. ಸ್ಟೂಲು ಮಗುಚಿ ಬಿದ್ದಿತ್ತು. ಭೂತಗನ್ನಡಿ ಕುಂಡದ ಅಂಚಿನಲ್ಲಿ ದಾರಕ್ಕೆ ನೇತಾಡುತ್ತಿತ್ತು. ಅದನ್ನು ಬಿಚ್ಚಿಕೊಂಡು ಮೊದಲ ಎಲೆಯನ್ನು ಮಗುಚಿದ. ಗಾಜಿನಲ್ಲಿ ಬರೀ ಹಸಿರು ಅಲೆ. ಎಲೆಯನ್ನೇ ಕಿತ್ತು ಗೋಡೆಗೆ ಒತ್ತಿ ಹಿಡಿದು ನೋಡಿದ. ಬಲೆ. ಬಲೆಯೊಳಗೆ ಚುಕ್ಕಿಗಳು. ಯಾವುದೂ ಅಲ್ಲಾಡುತ್ತಿಲ್ಲ.

"ಓಡ್ರೋ," ಎಂದ ಪಿಸುದನಿಯಲ್ಲಿ. "ಓಡ್ರೋ, ಪ್ಲೀಸ್."

ಎಲೆಯ ನಡುನರದ ಬಳಿ ಒಂದು ಕೇಸರಿ ಚುಕ್ಕಿ ಸರಕ್ಕನೆ ಓಡಿತು. ಇನ್ನೊಂದು. ಎರಡನೇ ಕುಂಡದಲ್ಲೂ ಓಡುತ್ತಿದ್ದವು, ಮೂರನೆಯದರಲ್ಲೂ. ಶಿವರಂಜನ್ ಕಾದ ನೆಲದ ಮೇಲೆ ಕುಕ್ಕರಿಸಿದ. ಎಲೆಗಳಿಗೇ ಹೊಡೆದಿಲ್ಲ, ಮುಖಕ್ಕೆ ಇನ್ನೆಲ್ಲಿ? ಡಬ್ಬಿ ಎತ್ತುವ ಮೊದಲೇ ಅಜ್ಜ ಹೋಗಿಬಿಟ್ಟಿದ್ದರು.

ಆಮೇಲೆ ಎದ್ದು ಬಿಲ್ವದ ಕಡೆ ತಿರುಗಿದವನು ನಿಂತುಬಿಟ್ಟ. ಅಜ್ಜ ಹೊಡೆದಿಲ್ಲವೆಂದರೆ ವಿಷವೆಲ್ಲ ಇನ್ನೂ ಡಬ್ಬಿಯಲ್ಲೇ ಇದೆ.

ನಲ್ಲಿಯ ಪಕ್ಕದಲ್ಲಿ ಡಬ್ಬಿ ಇರಲಿಲ್ಲ.

ಕೆಳಗಿನಿಂದ ಸದ್ದು ಕೇಳಿಸಿತು. ಪುಸ್. ಪುಸ್.

"ಹೂವೆಲ್ಲ ಬಾಡಿ ಹೋಗ್ಯಾವ ನೋಡು," ಅತ್ತೆಯ ದನಿ. "ಅಪ್ಪಗ ತಂಪು ಅಂದ್ರ ಭಾಳ ಇಷ್ಟ."

"ಅಮ್ಮಾ, ಎನಕ್ಕುಂ! ಎನಕ್ಕುಂ!" ಅತ್ತೆಯ ಪುಟ್ಟ ಮಗಳು ಪ್ರಣಮ್ಯಾ ತನಗೂ ಬೇಕೆಂದು ತಮಿಳಿನಲ್ಲಿ ಕೂಗುತ್ತಾ ಕುಣಿಯುತ್ತಿದ್ದಳು.

ಅವನು ಮೆಟ್ಟಿಲುಗಳನ್ನು ಇಳಿಯಲಿಲ್ಲ, ಉರುಳಿದ. ಹಾಲಿನಲ್ಲಿ ಪ್ರಣಮ್ಯಾ ಕಣ್ಣು ಮುಚ್ಚಿ, ಬಾಯಿ ಅಗಲಿಸಿ ನಗುತ್ತಾ ಮುಖವನ್ನು ಮೇಲೆತ್ತಿ ನಿಂತಿದ್ದಳು. ಹಸಿರು ಡಬ್ಬಿಯ ಮೂತಿ ಅವಳ ಕಡೆ ತಿರುಗಿತ್ತು. ಶಿವರಂಜನ್ ಅತ್ತೆಯ ಕೈಗೆ ಬಲವಾಗಿ ಹೊಡೆದ. ಡಬ್ಬಿ ಅಜ್ಜನ ಕಾಲ ಬಳಿ ಬಿದ್ದು ಉರುಳಿತು. ಮಗು ಬೆಚ್ಚಿ ಅತ್ತಿತು.

"ಲೇ ಮಂಗ್ಯಾ!" ಶಿವರಾಜ್ ಅವನ ಅಂಗಿಯನ್ನು ಹಿಡಿದೆಳೆದ. "ಅಜ್ಜನ ಮುಂದೂ ನಿನ್ನ ಆಟ ಏನಲೇ!"

"ಅದನ್ನ ಮುಟ್ಬೇಡಿ! ಅದ್ರಲ್ಲಿ ವಿಷ ಇದೆ."

ಯಾರೂ ನಂಬಲಿಲ್ಲ. ಹೋದ ತಿಂಗಳಷ್ಟೇ ಇದೇ ಹಾಲಿನಲ್ಲಿ ರಬ್ಬರ್ ಹಾವು ಬಿಟ್ಟು ಎಲ್ಲರನ್ನೂ ಕುರ್ಚಿ ಹತ್ತಿಸಿದ್ದವನು ಅವನು. ರಘುರಾಮ ಬಗ್ಗಿ ಡಬ್ಬಿಯ ಮುಚ್ಚಳ ತಿರುವಿ ಮೂಸಿ, ತಟ್ಟನೆ ಮುಖ ಹಿಂದೆ ಎಳೆದುಕೊಂಡ.

"ತಮಾಷೆ ಅಲ್ಲ ಮಾರಾಯ್ರೆ. ನಾರ್ತದೆ."

"ಯಾರು ಹಾಕಿದ್ದು?" ಎಂದಳು ಅತ್ತೆ.

"ನಾನು. ನಿನ್ನೆ. ಗಿಡಕ್ಕೆ."

ಅತ್ತೆ ತನ್ನ ಒದ್ದೆ ಅಂಗೈಯನ್ನು ನೋಡಿಕೊಂಡಳು. ಅಜ್ಜನ ಕೊರಳಿನ ಹಾರ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು, "ಹಂಗಾರ, ಅಪ್ಪ ದಿನಾ ಮುಖಕ್ಕ ಹೊಡ್ಕೋತಿದ್ರಲ್ಲೋ?"

"ಇಲ್ಲ ಅತ್ತೆ. ಹೊಡ್ಕೊಂಡಿಲ್ಲ. ಪೇದೆಗಳು ಬದುಕಿದಾವೆ. ನಾನು ನೋಡ್ದೆ. ಓಡಾಡ್ತಿದಾವೆ."

"ಯಾವ ಪೇದೆನೋ?" ಅವಳ ದನಿ ಒಡೆಯಿತು. "ಏನು ಹೇಳಾಕತ್ತೀಯೋ?"

ಶಿವರಾಜ್ ಅಂಗಿಯ ಹಿಡಿತ ಬಿಟ್ಟ. ಮಗನ ಮುಷ್ಟಿಯಲ್ಲಿ ಸಿಕ್ಕಿಕೊಂಡಿದ್ದ ಭೂತಗನ್ನಡಿಯನ್ನು ಬೆರಳು ಬಿಡಿಸಿ ತೆಗೆದುಕೊಂಡ. ಮೆಟ್ಟಿಲು ಹತ್ತಿದ.

ಅಮ್ಮ ಭವಾನಿ ಪ್ರಣಮ್ಯಾಳನ್ನು ಎತ್ತಿಕೊಂಡು ಬಚ್ಚಲಿನ ನಲ್ಲಿಯ ಕಡೆ ಓಡಿದಳು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಯಾರೂ ಹೋಗಲಿಲ್ಲ. ತಲೆಯ ಮೇಲೆ ಹೆಜ್ಜೆಗಳ ಸದ್ದು ಒಂದು ಕುಂಡದ ಬಳಿ ನಿಂತಿತು. ಕುಂಡವನ್ನು ಎಳೆದ ಕರಕರ. ಹೆಜ್ಜೆಗಳು ಇನ್ನೊಂದು ಕುಂಡಕ್ಕೆ ಸರಿದವು. ಹಾಲಿನಲ್ಲಿದ್ದ ಎಲ್ಲರ ಕತ್ತೂ ಮೇಲೆದ್ದಿತ್ತು. ಅವರೆಲ್ಲ ಚಾವಣಿಯನ್ನೇ ನೋಡುತ್ತಿದ್ದರು. ಅಜ್ಜ ಒಬ್ಬರೇ ನೇರ ಎದುರಿಗೆ ಮುಖ ಮಾಡಿ ಕುಳಿತಿದ್ದರು. ಕೊರಳಿನ ಮಲ್ಲಿಗೆಯಿಂದ ಒಂದು ಹನಿ ಜಾರಿ, ಎದೆಯ ವಿಭೂತಿಯ ಮೇಲೆ ಕಪ್ಪು ಗೆರೆ ಎಳೆಯುತ್ತಾ ಮೆಲ್ಲಗೆ ಕೆಳಗಿಳಿಯುತ್ತಿತ್ತು.