ದರ್ಜಿ ಅಮ್ಮನ ಸೊಟ್ಟ ದೋಣಿ

ಕ್ಯಾನ್ವಾಸು ಮಗುಚುತ್ತಾಳೆ, ಹಿಂಬದಿ ನೋಡುತ್ತಾಳೆ, ಇದಲ್ಲ ಅನ್ನುತ್ತಾಳೆ, ಮುಂದಿನದು — ಎಷ್ಟು ಸಲೀಸಾಗಿ ಮಗುಚುತ್ತಾಳಪ್ಪ ಈ ದರ್ಜಿ ಅಮ್ಮ, ಬಟ್ಟೆ ತಿರುವಿ ತಿರುವಿ ಪಳಗಿದ ಕೈ — ಹಡಗು ಮೆಲ್ಲಗೆ ವಾಲಿತು, ಗೋಡೆಗೊರಗಿಸಿದ ಚಿತ್ರಗಳು ಚಿತ್ರದ ಮೇಷ್ಟ್ರ ಕಡೆಗೆ ವಾಲಿದವು, ಹಡಗಿನ ಚಿತ್ರದ ಕ್ಲಾಸಲ್ಲಿ ಇವನೇ ಬರೆಸಿದ ಒಂದೇ ದೋಣಿ, ಇಪ್ಪತ್ತೆರಡು ಪ್ರಯಾಣಿಕರ ಕೈಯಲ್ಲಿ ಇಪ್ಪತ್ತೆರಡು, ಇನ್ನರ್ಧ ಗಂಟೆಗೆ ಬಂದರು, ಎಲ್ಲರೂ ತಂತಮ್ಮದನ್ನು ಎತ್ತಿಕೊಂಡು ಇಳಿಯುವವರೇ, ಇವಳದು ಮಾತ್ರ ಇಲ್ಲ. ಎಲ್ಲಿ ಹೋಗುತ್ತೆ ಬಿಡಿ ಅಮ್ಮ, ಹುಡುಕೋಣ ಅಂತ ತಾನೂ ಪಕ್ಕದಲ್ಲಿ ಮಂಡಿಯೂರಿದ್ದಾನೆ, ಥೂ, ಕಳ್ಳನೇ ದೀಪ ಹಿಡಿದು ಮನೆಯವರ ಜೊತೆ ಹುಡುಕಿದ ಹಾಗೆ, ಹುಡುಕುವುದೇನು ಬಂತು, ಎದುರಿಗೇ ಇದೆ, ಎಡದಿಂದ ಐದನೆಯದು, ಎಲ್ಲಕ್ಕಿಂತ ಚಂದದ್ದು. ನಿನ್ನೆ ಎಲ್ಲರೂ ಊಟಕ್ಕೆ ಹೋದಾಗ ಇವಳ ದೋಣಿ ನೋಡಿದ್ದ, ಮೂತಿ ಆಕಾಶಕ್ಕೆ, ಪಟ ಒಂದು ಕಡೆ ಜೋತು, ಒದ್ದು ಬಿಸಾಕಿದ ಚಪ್ಪಲಿಯ ಹಾಗೆ, ಕ್ಲಾಸಿನ ಕೊನೆಯ ಪ್ರದರ್ಶನಕ್ಕೆ ಇದನ್ನಿಟ್ಟರೆ ಹಡಗಿನ ಮ್ಯಾನೇಜರ್ ಏನಂದಾನು — ಸುಳ್ಳು, ಮ್ಯಾನೇಜರ್ ಯಾಕೆ ನಡುವೆ, ಇದನ್ನು ಕಲಿಸಿದ ಪುಣ್ಯಾತ್ಮ ಯಾರಪ್ಪ ಅಂತ ಜನ ನಕ್ಕಾರು ಅನ್ನುವ ತನ್ನದೇ ಜಂಭ, ತಾನೇ ಕುಂಚ ಎತ್ತಿದ, ಕಾಲು ಗಂಟೆ ಸಾಕಾಯಿತು, ದೋಣಿ ನೆಟ್ಟಗಾಯಿತು, ನೀರಲ್ಲಿ ನೆರಳೂ ಬಿತ್ತು, ಶಿಳ್ಳೆ ಬೇರೆ ಹೊಡೆದಿದ್ದ. ಮೊದಲ ದಿನವೇ ಹೇಳಿದ್ದಳಲ್ಲ, ನಲವತ್ತು ವರ್ಷ ಕಂಡೋರ ಅಳತೆಗೆ ನೆಟ್ಟಗೆ ಗೆರೆ ಎಳೆದೆ ಮೇಷ್ಟ್ರೇ, ಒಂದಾದ್ರೂ ನನಗೆ ಬೇಕಾದ ಹಾಗೆ ಸೊಟ್ಟ ಎಳೀತೀನಿ, ಮೊಮ್ಮಗಳಿಗೆ ತೋರಿಸ್ಬೇಕು, ಹೂಂ ಹೂಂ ಅಂದಿದ್ದ, ಕುಂಚ ತೊಳೆಯುತ್ತಾ, ಕಿವಿ ಎಲ್ಲಿತ್ತೋ. ಇವನು ಮೂರನೇ ಕ್ಲಾಸಲ್ಲಿದ್ದಾಗ ಅಕ್ಕ ತಿದ್ದಿಕೊಟ್ಟ ಆನೆಗೆ ಬಹುಮಾನ ಬಂತು, ಅಪ್ಪ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು, ನಮ್ಮ ಹುಡುಗ ಬರೆದಿದ್ದು ನೋಡಿ ಅಂತ ಬಂದವರಿಗೆಲ್ಲ, ಆ ಗೋಡೆಗೆ ಬೆನ್ನು ಹಾಕಿಯೇ ಎಷ್ಟು ವರ್ಷ ಉಂಡ ಇವನು, ಗೊತ್ತಿದ್ದವನೇ ಹೀಗೆ ಮಾಡಿದನಲ್ಲ.

ಮಗುಚುತ್ತಾಳೆ, ಇದಲ್ಲ, ಮಗುಚುತ್ತಾಳೆ, ಹೇಳಿಬಿಡೋ, ಈಗಲಾದರೂ ಬಾಯಿಬಿಡು, ಬಾಯಿ ಬಿಟ್ಟರೆ ಬಂದದ್ದು ಹಿಂದೆ ಏನು ನೋಡ್ತಿದ್ದೀರಿ ಅಮ್ಮ ಅನ್ನುವ ಮಾತು. ಗುರುತು ಮೇಷ್ಟ್ರೇ, ಯಾರ ಬಟ್ಟೆ ಅಂತ ಒಳಮೈಗೆ ಸೀಮೆಸುಣ್ಣದ ಗೀಟು ಹಾಕ್ತೀವಲ್ಲ, ಕೈ ಸುಮ್ನಿರಲ್ಲ, ಇದಕ್ಕೂ ಹಾಕಿದ್ದೆ. ಅಯ್ಯೋ, ಕೈ ಐದನೆಯದರ ಮೇಲೆ, ಬೇಡ ಅಮ್ಮ, ಮಗುಚಿಬಿಟ್ಟಳು — ಬಿಳೀ ಗೀಟು. ಮುಂಬದಿ ನೋಡಿದಳು, ಹಿಂಬದಿ, ಮತ್ತೆ ಮುಂಬದಿ, ಬಯ್ಯಲಿ, ನಾಲ್ಕು ಜನರ ಮುಂದೆ ಮಾನ ತೆಗೆಯಲಿ, ಬಯ್ದರೆ ಬದುಕಿದೆ, ಬಯ್ಯಲಿಲ್ಲ, ಸುತ್ತ ಇದ್ದವರಿಗೆ ಕೇಳದ ಹಾಗೆ ದನಿ ತಗ್ಗಿಸಿ ತುಂಬಾ ಚೆನ್ನಾಗಿದೆ ಮೇಷ್ಟ್ರೇ ಅಂದಳು, ಇವನ ಮರ್ಯಾದೆ ಕಾಯುವವಳ ಹಾಗೆ, ನಿಮ್ದು ನೀವೇ ಇಟ್ಕೊಳ್ಳಿ, ಕೊಡುವ ಮುಂಚೆ ಹೆಬ್ಬೆರಳಲ್ಲಿ ಗೀಟು ಒರೆಸುತ್ತಾಳೆ, ಹೋಗುತ್ತಿಲ್ಲ, ಎಂಜಲು ಹಚ್ಚಿ ಒರೆಸುತ್ತಾಳೆ, ಹೆಬ್ಬೆರಳು, ಬಿಳೀ ಗೀಟು, ಹೆಬ್ಬೆರಳು